1964ರ ಲಿಂಕನ್ ಕಾಂಟಿನೆಂಟಲ್ ಸೆಡಾನ್: ರಿಸ್ಟೋರ್ ಆದ ಹಳೇ ಗಾಡಿಯನ್ನು ಅಮೆರಿಕದಲ್ಲಿ ಮಾರುವ ಬಗೆ

ನಾಲ್ಕು ಬಾಗಿಲಿನ ಲಿಂಕನ್ ಕಾಂಟಿನೆಂಟಲ್ ಮಾರಲು ಹೊರಟವರು ಮೊದಲೇ ಒಪ್ಪಿಕೊಳ್ಳಬೇಕಾದ ಒಂದು ಮಾತಿದೆ: ರಿಸ್ಟೋರೇಷನ್‌ಗೆ ಸುರಿದ ದುಡ್ಡು ಪೂರ್ತಿ ವಾಪಸ್ ಬರುವುದಿಲ್ಲ. 1964ರಲ್ಲಿ ಮಿಷಿಗನ್‌ನ ವಿಕ್ಸಮ್ ಕಾರ್ಖಾನೆಯಿಂದ 32,969 ಸೆಡಾನ್ ಹೊರಬಂದವು, ಛಾವಣಿ ಮಡಚುವ ಕನ್ವರ್ಟಿಬಲ್ ಬಂದದ್ದು ಬರೀ 3,328. ಸಂಗ್ರಾಹಕರ ದುಡ್ಡು ಕನ್ವರ್ಟಿಬಲ್ ಹಿಂದೆ ಓಡುತ್ತದೆ. ಆದರೆ ಪೇಂಟಿಂಗ್, ಕ್ರೋಮ್, ಸೀಟಿನ ಲೆದರ್ ಕೆಲಸಕ್ಕೆ ಎರಡೂ ಗಾಡಿಗೆ ಹೆಚ್ಚುಕಮ್ಮಿ ಒಂದೇ ಖರ್ಚು. ತಗಡು ಕಾಣುವವರೆಗೆ ಬಣ್ಣ ಕೆರೆದು ಹೊಸದಾಗಿ ಹೊಡೆಸಿದರೆ ಅಮೆರಿಕದ ಒಳ್ಳೇ ಗ್ಯಾರೇಜಿನಲ್ಲಿ ಅದೊಂದಕ್ಕೇ ಹತ್ತು ಸಾವಿರ ಡಾಲರ್ ದಾಟುತ್ತದೆ.

ಹಾಗಾದರೆ ಸೆಡಾನ್‌ಗೆ ಒಳ್ಳೇ ಬೆಲೆ ಬರುವುದು ಯಾವುದರಿಂದ? ಹೊಳಪಿನಿಂದ ಅಲ್ಲ. ಗಾಡಿಯಲ್ಲಿರುವ ಪ್ರತಿಯೊಂದೂ ಕೆಲಸ ಮಾಡುತ್ತದೆ, ತಗಡಿನ ಕೆಳಗೆ ತುಕ್ಕಿಲ್ಲ ಎಂಬುದನ್ನು ಕಣ್ಣೆದುರು ತೋರಿಸುವುದರಿಂದ. ಈ ಗಾಡಿಗಳನ್ನು ಬಲ್ಲ ಖರೀದಿದಾರರಿಗೆ ನಿಂತ ಕಿಟಕಿ, ಸೋರುವ ವೈಪರ್ ಮೋಟರ್ ಎಂದರೆ ಏನು ತಲೆನೋವೆಂದು ಚೆನ್ನಾಗಿ ಗೊತ್ತು.

ಮೊದಲು ಟೈಟಲ್ ಕೈಗೆತ್ತಿಕೊಳ್ಳಿ

ಗಾಡಿಗೆ ಪಾಲಿಶ್ ಹಚ್ಚುವ ಮೊದಲು ಮಾಲೀಕತ್ವದ ಟೈಟಲ್ ಪತ್ರ ತೆಗೆದು ಮೂರು ವಿಷಯ ನೋಡಿ.

ಒಂದು, ಅದು ನಿಮ್ಮ ಹೆಸರಿನಲ್ಲೇ ಇದೆಯೇ. ಹಿಂದಿನ ಮಾಲೀಕರು ಸಹಿ ಮಾಡಿ ಕೊಟ್ಟದ್ದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ಹಾಗೇ ಇನ್ನೊಬ್ಬರಿಗೆ ದಾಟಿಸುವುದನ್ನು ಅಲ್ಲಿ ಟೈಟಲ್ ಜಂಪಿಂಗ್ ಎನ್ನುತ್ತಾರೆ. ಅದು ಕಾನೂನುಬಾಹಿರ. ಮೊದಲು ನಿಮ್ಮ ಹೆಸರಿಗೆ ಮಾಡಿಸಿ, ಆಮೇಲೆ ಮಾರಿ.

ಎರಡು, ಟೈಟಲ್ ಮೇಲಿನ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಮತ್ತು ಗಾಡಿಯ ಮೇಲಿನ ಸಂಖ್ಯೆ ಅಕ್ಷರಕ್ಕೆ ಅಕ್ಷರ ಕೂಡುತ್ತವೆಯೇ. 1964ರ ಸೆಡಾನ್‌ನ ಸಂಖ್ಯೆ 4ವೈ82ಎನ್ ಎಂದು ಶುರುವಾಗುತ್ತದೆ: 4 ಎಂದರೆ ವರ್ಷ, ವೈ ಎಂದರೆ ವಿಕ್ಸಮ್, 82 ಎಂದರೆ ನಾಲ್ಕು ಬಾಗಿಲಿನ ಸೆಡಾನ್ (ಕನ್ವರ್ಟಿಬಲ್ ಆದರೆ 86), ಎನ್ ಎಂದರೆ ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರಿನ 430 ಘನ ಇಂಚಿನ ವಿ8. ಉಳಿದ ಆರು ಅಂಕಿ ಗಾಡಿಯ ಸರಣಿ ಸಂಖ್ಯೆ. ಹಳೇ ಟೈಟಲ್‌ಗಳಲ್ಲಿ ಕಚೇರಿಯವರು ವೈ ಇದ್ದಲ್ಲಿ ವಿ, 8 ಇದ್ದಲ್ಲಿ ಬಿ ಎಂದು ಟೈಪ್ ಮಾಡಿರುವುದುಂಟು. ಈ ತಪ್ಪು ಈಗ ಸಿಕ್ಕರೆ ಮೋಟಾರು ವಾಹನ ಕಚೇರಿಗೆ ಅರ್ಜಿ ಹಾಕಿ ತಿದ್ದಿಸಬಹುದು. ಖರೀದಿದಾರ ಎದುರಿಗೆ ನಿಂತಿರುವಾಗ ಸಿಕ್ಕರೆ ವ್ಯವಹಾರವೇ ಮುರಿಯುತ್ತದೆ.

ಮೂರು, ಹಳೆಯ ಸಾಲದ ನಮೂದು ಉಳಿದಿದೆಯೇ. ಸಾಲ ಯಾವತ್ತೋ ತೀರಿದ್ದರೂ ಬ್ಯಾಂಕಿನ ಹೆಸರು ಟೈಟಲ್ ಮೇಲೆ ಹಾಗೇ ಕೂತಿರುತ್ತದೆ. ಬ್ಯಾಂಕಿನಿಂದ ಸಾಲ ತೀರಿದ ಪತ್ರ ತರಿಸಿಕೊಂಡು ಅದನ್ನು ತೆಗೆಸಿ. ಇದಕ್ಕೆ ವಾರಗಟ್ಟಲೆ ಹಿಡಿಯಬಹುದು, ಅದಕ್ಕೇ ಈ ಕೆಲಸ ಎಲ್ಲಕ್ಕಿಂತ ಮೊದಲು.

ತುಕ್ಕು ಮತ್ತು ಬಾಡಿ

ಈ ಗಾಡಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಹಾಗಾಗಿ ಬಾಗಿಲ ಕೆಳಗಿನ ರಾಕರ್ ಪ್ಯಾನೆಲ್ ಕೊಳೆತರೆ ಅಂದ ಮಾತ್ರ ಹೋಗುವುದಿಲ್ಲ, ಗಾಡಿಯ ಬೆನ್ನೆಲುಬೇ ಸಡಿಲವಾಗುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ಸುಲಭದ ಪರೀಕ್ಷೆ ಇದೆ. ಗಾಡಿ ಸಮತಟ್ಟು ನೆಲದ ಮೇಲಿರುವಾಗ ಮುಂಬಾಗಿಲು ಮತ್ತು ಹಿಂಬಾಗಿಲು ಕೂಡುವ ಸಂದನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಬರೆದುಕೊಳ್ಳಿ. ಕಾಂಟಿನೆಂಟಲ್‌ನಲ್ಲಿ ಹಿಂಬಾಗಿಲ ಕೀಲು ಹಿಂದುಗಡೆ ಇರುವುದರಿಂದ ಎರಡೂ ಬಾಗಿಲ ತುದಿಗಳು ನಡುಗಂಬದ ಹತ್ತಿರ ಎದುರುಬದುರಾಗುತ್ತವೆ, ಸ್ವಲ್ಪ ಓರೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಈಗ ಮುಂಭಾಗಕ್ಕೆ ಜಾಕ್ ಕೊಟ್ಟು ಎತ್ತಿ, ಅದೇ ಮೂರು ಜಾಗದಲ್ಲಿ ಮತ್ತೆ ಅಳೆಯಿರಿ. ಒಂದು ಮಿಲಿಮೀಟರ್ ಆಚೀಚೆ ಆದರೆ ಚಿಂತೆಯಿಲ್ಲ. ಮೂರು ನಾಲ್ಕು ಮಿಲಿಮೀಟರ್ ಬದಲಾದರೆ, ಅಥವಾ ಬಾಗಿಲು ತೆಗೆಯಲು ಹಾಕಲು ಬಿಗಿಯಾದರೆ, ಕೆಳಗಿನ ತಗಡು ಬಲ ಕಳೆದುಕೊಂಡಿದೆ. ಜಾಣ ಖರೀದಿದಾರ ಇದೇ ಪರೀಕ್ಷೆ ಮಾಡುತ್ತಾನೆ. ನೀವು ಮೊದಲೇ ಮಾಡಿ ಅಳತೆಗಳನ್ನು ಫೋಟೊ ಸಮೇತ ಇಟ್ಟುಕೊಳ್ಳಿ.

ಪೇಂಟಿನ ದಪ್ಪ ಅಳೆಯುವ ಮೀಟರ್ ಕೊಳ್ಳಿ ಅಥವಾ ಎರವಲು ತನ್ನಿ. ಕಾರ್ಖಾನೆಯ ಬಣ್ಣ ಸುಮಾರು 100ರಿಂದ 150 ಮೈಕ್ರಾನ್ ಇರುತ್ತದೆ. ಪ್ರೈಮರ್ ಸಹಿತ ಚೆನ್ನಾಗಿ ಹೊಡೆದ ಹೊಸ ಬಣ್ಣ 200–300 ತೋರಿಸಿದರೂ ಸಹಜ. 500 ದಾಟಿದ ಕಡೆ ಒಳಗೆ ಪುಟ್ಟಿ ಇದೆ ಎಂದೇ ಲೆಕ್ಕ, ಸಾವಿರ ದಾಟಿದರೆ ದಪ್ಪಗೆ ಮೆತ್ತಿದ್ದಾರೆ. ಪ್ರತಿ ಪ್ಯಾನೆಲ್‌ನಲ್ಲಿ ಐದು ಕಡೆ ಅಳೆದು ಕೈಯಲ್ಲಿ ಬರೆದ ನಕ್ಷೆಯ ಮೇಲೆ ಅಂಕಿ ಹಾಕಿ. ಹಿಂದಿನ ಚಕ್ರದ ಹಿಂಬದಿ, ಮುಂದಿನ ಫೆಂಡರಿನ ಕೆಳತುದಿ, ಡಿಕ್ಕಿಯ ತಳ, ಕಾಲಡಿಯ ನೆಲ: ತುಕ್ಕು ಮೊದಲು ಕೂರುವುದು ಇಲ್ಲಿ. ಪುಟ್ಟಿ ಇದ್ದರೆ ಇದೆ ಎಂದೇ ಬರೆಯಿರಿ. ಹೇಳಿ ಮಾರಿದ ಪುಟ್ಟಿಯಿಂದ ಬೆಲೆ ಸ್ವಲ್ಪ ಇಳಿಯುತ್ತದೆ. ಬಚ್ಚಿಟ್ಟದ್ದು ಸಿಕ್ಕಿಬಿದ್ದರೆ ನಿಮ್ಮ ಮಿಕ್ಕೆಲ್ಲ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಎಂಜಿನ್ ಮತ್ತು ಕರೆಂಟು

ಎಂಜಿನ್ ಬಿಸಿಯಾದ ಮೇಲೆ ಎಂಟೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು ಕಂಪ್ರೆಷನ್ (ಪ್ರತಿ ಸಿಲಿಂಡರಿನ ಒಳಒತ್ತಡ) ನೋಡಿ. ಅತಿ ಕಡಿಮೆ ಇರುವ ಸಿಲಿಂಡರ್ ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿಳಿಯಬಾರದು. ಮೇಲಿನದು 170 ಪಿಎಸ್‌ಐ ಆದರೆ ಕೆಳಗಿನದು 127ರ ಕೆಳಗೆ ಹೋಗಬಾರದು ಎಂದಾಯಿತು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಅದರ ಹೀರುವ ಬಲ ಅಳೆಯುವ ವ್ಯಾಕ್ಯೂಮ್ ಗೇಜಿನ ಮುಳ್ಳು, ಸಮುದ್ರಮಟ್ಟದ ಊರಿನಲ್ಲಿ, 17ರಿಂದ 21 ಇಂಚಿನ ನಡುವೆ ಅಲುಗಾಡದೆ ನಿಲ್ಲಬೇಕು. ಮುಳ್ಳು ಸಮವಾಗಿ ಕುಣಿದರೆ ವಾಲ್ವ್ ಕಡೆ ನೋಡಿ. ನಿಂತಲ್ಲೇ ಕಡಿಮೆ ತೋರಿಸಿದರೆ ಟೈಮಿಂಗ್ ಹಿಂದೆ ಬಿದ್ದಿದೆ, ಇಲ್ಲವೇ ಎಲ್ಲೋ ಗಾಳಿ ಸೋರುತ್ತಿದೆ.

ಕಾಂಟಿನೆಂಟಲ್‌ನಲ್ಲಿ ಗಾಳಿ ಸೋರುವುದಕ್ಕೆ ಜಾಗ ಬೇಕಾದಷ್ಟಿವೆ. ಬಾಗಿಲ ಲಾಕ್, ಹೀಟರಿನ ಫ್ಲ್ಯಾಪ್ ಎಲ್ಲ ವ್ಯಾಕ್ಯೂಮ್‌ನಿಂದ ನಡೆಯುತ್ತವೆ. ಎಂಜಿನ್ ಆಫ್ ಮಾಡಿ ಲಾಕ್ ಒತ್ತಿ: ಟ್ಯಾಂಕಿನಲ್ಲಿ ಉಳಿದ ವ್ಯಾಕ್ಯೂಮ್‌ನಲ್ಲೇ ಕೆಲವು ಸಲ ಕೆಲಸ ಮಾಡಬೇಕು. ಒಂದೇ ಸಲಕ್ಕೆ ಸತ್ತರೆ ಚೆಕ್ ವಾಲ್ವ್ ಅಥವಾ ಒಣಗಿ ಬಿರುಕುಬಿಟ್ಟ ರಬ್ಬರ್ ಪೈಪು ಕಾರಣ. ಪೈಪಿಗೆ ತಗಲುವುದು ಕೆಲವೇ ಡಾಲರ್. ಆದರೆ ಲಾಕ್ ನಡೆಯದ ಗಾಡಿಯನ್ನು ನೋಡಿದವರು "ಇನ್ನೇನೇನು ಬಾಕಿ ಇದೆಯೋ" ಎಂದುಕೊಂಡು ಸಾವಿರಗಟ್ಟಲೆ ಕಡಿಮೆ ಕೇಳುತ್ತಾರೆ.

ವೈಪರ್ ಹೈಡ್ರಾಲಿಕ್. ಪವರ್ ಸ್ಟಿಯರಿಂಗಿನ ಎಣ್ಣೆಯ ಒತ್ತಡದಿಂದಲೇ ಅದು ಓಡುತ್ತದೆ. ಹಾಗಾಗಿ ವೈಪರ್ ಮೋಟರ್ ಸೋರಿದರೆ ಸ್ಟಿಯರಿಂಗ್ ಎಣ್ಣೆಯೂ ಇಳಿಯುತ್ತದೆ, ಪಂಪು ಗೊಣಗಲು ಶುರುಮಾಡುತ್ತದೆ. ಡ್ಯಾಶ್‌ಬೋರ್ಡ್ ಕೆಳಗೆ, ಕಾರ್ಪೆಟ್ ಮೇಲೆ ಎಣ್ಣೆಯ ಜಿಡ್ಡಿದೆಯೇ ಎಂದು ಬೆರಳಿಟ್ಟು ನೋಡಿ. ಸೀಲ್ ಬದಲಿಸಿದ ಮೋಟರ್ ಹಾಕಿಸಿದ್ದರೆ ಅದರ ಬಿಲ್ಲನ್ನು ಫೈಲಿನಲ್ಲಿ ಮೇಲೆಯೇ ಇಡಿ. ಲಿಂಕನ್ ಬಲ್ಲವರು ಅದನ್ನೇ ಹುಡುಕುತ್ತಾರೆ.

ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್, ಓಡುವಾಗ 13.8ರಿಂದ 14.4 ತೋರಿಸಬೇಕು. ನಾಲ್ಕೂ ಕಿಟಕಿಗಳನ್ನು ಡ್ರೈವರ್ ಬದಿಯ ಸ್ವಿಚ್‌ನಿಂದಲೂ ಆಯಾ ಬಾಗಿಲ ಸ್ವಿಚ್‌ನಿಂದಲೂ ಬೇರೆಬೇರೆಯಾಗಿ ಏರಿಳಿಸಿ. ಡ್ರೈವರ್ ಕಡೆಯಿಂದ ನಡೆದು ಹಿಂದಿನ ಸ್ವಿಚ್‌ನಿಂದ ನಡೆಯದಿದ್ದರೆ ಮೋಟರ್ ಚೆನ್ನಾಗಿದೆ, ದೋಷ ಸ್ವಿಚ್ ಅಥವಾ ಬಾಗಿಲ ಸಂದಿನ ವೈರಿಂಗ್‌ನಲ್ಲಿದೆ. ಎರಡರಿಂದಲೂ ನಿಧಾನವಾದರೆ ಗಾಜು ಓಡುವ ಹಳಿಯ ಗ್ರೀಸ್ ಒಣಗಿ ಅಂಟಾಗಿದೆ. ಒಳಪ್ಯಾನೆಲ್ ಬಿಚ್ಚಿ ಹಳೇ ಗ್ರೀಸ್ ಕೆರೆದು ಹೊಸದು ಹಚ್ಚಿ. ಗ್ರೀಸ್ ಒಣಗಿದ್ದಾಗಲೇ ಮೋಟರ್ ಬದಲಿಸುವುದು ದುಡ್ಡು ದಂಡ.

ಬ್ರೇಕ್ ಬಗ್ಗೆ ನೇರವಾಗಿ ಹೇಳಿ. 1964ರಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. ಮುಂದೆ ಡಿಸ್ಕ್ ಬಂದದ್ದು 1965ರ ಮಾದರಿಯಿಂದ. ಎರಡೂವರೆ ಟನ್ ಹತ್ತಿರದ ಗಾಡಿ ಬ್ರೇಕ್ ಒತ್ತಿದಾಗ ಒಂದು ಬದಿಗೆ ಎಳೆದರೆ ವೀಲ್ ಸಿಲಿಂಡರ್ ಸೋರಿ ಲೈನಿಂಗ್ ನೆನೆದಿರಬಹುದು. ಮಾರುವ ಮೊದಲು ಇದನ್ನು ಸರಿಪಡಿಸಲೇಬೇಕು, ಟೆಸ್ಟ್ ಡ್ರೈವ್‌ಗೆ ಬಂದವರ ಜೀವದ ಪ್ರಶ್ನೆ.

ಎಸಿ ಇದ್ದರೆ ಅದರಲ್ಲಿ ಮೂಲದ ಆರ್-12 ಗ್ಯಾಸ್ ಇದೆಯೋ ಆರ್-134ಎಗೆ ಬದಲಿಸಿದ್ದೋ ಬರೆಯಿರಿ. ಟೈರಿನ ಪಕ್ಕದಲ್ಲಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. 2312 ಎಂದಿದ್ದರೆ 2012ರ 23ನೇ ವಾರ. ಹತ್ತು ವರ್ಷ ದಾಟಿದ ಟೈರು ಎಷ್ಟೇ ಹೊಸದಾಗಿ ಕಂಡರೂ ಅದನ್ನು ನಂಬಿ ಹೈವೇಗೆ ಇಳಿಯುವ ಹಾಗಿಲ್ಲ. ಬದಲಿಸಿ, ಇಲ್ಲವೇ ಬೆಲೆಯಲ್ಲಿ ಬಿಡಿ.

ಏನು ಮಾಡಿಸಬೇಕು, ಏನು ಬಿಡಬೇಕು

ಸೋರಿಕೆ, ಕಿಟಕಿ, ಲಾಕ್, ಗಡಿಯಾರ, ಡ್ಯಾಶ್ ದೀಪ, ಹಾರ್ನ್, ಬ್ರೇಕ್, ಕಾರ್ಬ್ಯುರೇಟರಿನ ಚೋಕ್: ಇವಕ್ಕೆ ಹಾಕಿದ ದುಡ್ಡು ಬೆಲೆಯಲ್ಲಿ ವಾಪಸ್ ಬರುತ್ತದೆ. ಪೂರ್ತಿ ಮರುಪೇಂಟ್, ಎರಡೂ ಬಂಪರ್‌ಗೆ ಹೊಸ ಕ್ರೋಮ್, ಎಂಜಿನ್ ಬಿಚ್ಚಿ ಕಟ್ಟುವುದು: ಇವನ್ನು ಮಾರುವ ಸಲುವಾಗಿಯೇ ಮಾಡಿಸಬೇಡಿ. ಫೆಂಡರಿನ ಮೇಲಂಚಿನ ಉದ್ದಕ್ಕೂ ಓಡುವ ಹೊಳೆಯುವ ಪಟ್ಟಿಯಲ್ಲಿ ಸಣ್ಣ ತಗ್ಗಿದ್ದರೆ ಹಾಗೇ ಬಿಡಿ. ಈಗಿನ ಫ್ಯಾಷನ್ನಿನ ದೊಡ್ಡ ಚಕ್ರ, ಹೊಸ ಸ್ಟೀರಿಯೊ ಹಾಕಿಸುವ ಯೋಚನೆಯಂತೂ ಬೇಡವೇ ಬೇಡ. ಹಿಂದೆ ಹಾಕಿಸಿದ್ದರೆ ಮೂಲ ಚಕ್ರ, ಮೂಲ ರೇಡಿಯೊ ಎಲ್ಲಿದ್ದರೂ ಹುಡುಕಿ ಗಾಡಿಯ ಜತೆಗೇ ಕೊಡಿ.

ಬೆಲೆ ಕಟ್ಟುವುದು

ಜಾಹೀರಾತಿನಲ್ಲಿ ಕೇಳುವ ಬೆಲೆ ನೋಡಿ ಮೋಸ ಹೋಗಬೇಡಿ. ಮಾರಾಟವಾಗಿ ಮುಗಿದ ಬೆಲೆ ಮಾತ್ರ ಲೆಕ್ಕಕ್ಕೆ. ಬ್ರಿಂಗ್ ಎ ಟ್ರೇಲರ್‌ನಂಥ ಆನ್‌ಲೈನ್ ಹರಾಜಿನಲ್ಲಿ ಹಿಂದಿನ ಮಾರಾಟಗಳು ಫೋಟೊ, ಪ್ರಶ್ನೋತ್ತರ ಸಮೇತ ಸಿಗುತ್ತವೆ. ಹಿಂದಿನ ಒಂದು ವರ್ಷದಲ್ಲಿ ಹೋದ 1964 ಮತ್ತು 1965ರ ಸೆಡಾನ್‌ಗಳನ್ನು ಮಾತ್ರ ಆರಿಸಿ. 1961–63ರ ಗಾಡಿಯ ವೀಲ್‌ಬೇಸ್ 123 ಇಂಚು, ಪಕ್ಕದ ಗಾಜು ಬಾಗಿದ್ದು. 1964ಕ್ಕೆ ವೀಲ್‌ಬೇಸ್ 126 ಆಯಿತು, ಗಾಜು ಚಪ್ಪಟೆಯಾಯಿತು. ಇವಕ್ಕೆ ಗಿರಾಕಿಗಳೂ ಬೇರೆ. ಕನ್ವರ್ಟಿಬಲ್ ಬೆಲೆಯನ್ನು ಅರ್ಧ ಮಾಡಿ ಸೆಡಾನ್‌ಗೆ ಹಚ್ಚುವ ಲೆಕ್ಕ ಎಲ್ಲೂ ನಿಲ್ಲುವುದಿಲ್ಲ.

ಹಳೇ ಗಾಡಿಗಳ ವಿಮಾ ಕಂಪನಿ ಹ್ಯಾಗರ್ಟಿಯ ಬೆಲೆಪಟ್ಟಿ ಗಾಡಿಗಳನ್ನು 1ರಿಂದ 4ರವರೆಗೆ ದರ್ಜೆ ಮಾಡುತ್ತದೆ. 1 ಎಂದರೆ ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವಂಥದ್ದು. ಮನೆಯಲ್ಲಿ ರಿಸ್ಟೋರ್ ಮಾಡಿಸಿದವರು ತಮ್ಮ ಗಾಡಿಯನ್ನು 1 ಅಥವಾ 2 ಎಂದೇ ನಂಬುತ್ತಾರೆ. ರಿಸ್ಟೋರ್ ಆಗಿ ಐದಾರು ವರ್ಷ ಓಡಿಸಿದ ಒಳ್ಳೇ ಗಾಡಿ ಬಹುಮಟ್ಟಿಗೆ 3ರ ಮೇಲ್ತುದಿ. ಆ ಅಂಕಿಯಿಂದ ಶುರುಮಾಡಿ, ಕನಿಷ್ಠ ಎಷ್ಟಕ್ಕೆ ಕೊಡುತ್ತೀರಿ ಎಂದು ಕಾಗದದ ಮೇಲೆ ಬರೆದಿಡಿ, ಕೇಳುವ ಬೆಲೆ ಅದಕ್ಕಿಂತ ಶೇ. 8–10 ಮೇಲಿರಲಿ. ಚೌಕಾಸಿಗೆ ಅಷ್ಟು ಜಾಗ ಸಾಕು. ಶೇ. 30 ಮೇಲಿಟ್ಟು ಕೂತರೆ ಗಾಡಿ ತಿಂಗಳುಗಟ್ಟಲೆ ಪಟ್ಟಿಯಲ್ಲಿ ಹಳಸುತ್ತದೆ.

ಫೈಲು

ರಿಂಗ್ ಹಾಕಿದ ದಪ್ಪ ಫೈಲಿನಲ್ಲಿ ಬಿಲ್ಲುಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ: ಬಾಡಿ, ಎಂಜಿನ್, ಟರ್ಬೊ-ಡ್ರೈವ್ ಗೇರ್‌ಬಾಕ್ಸ್, ಕರೆಂಟು, ಒಳಾಂಗಣ. ತಗಡು ಬೆತ್ತಲೆಯಾಗಿದ್ದಾಗ ತೆಗೆದ ಫೋಟೊಗಳು ಇದ್ದರೆ ಅವು ಇಡೀ ಫೈಲಿನಲ್ಲಿ ಅತ್ಯಮೂಲ್ಯ. ಹೊಸ ಬಣ್ಣದ ಕೆಳಗೆ ಏನಿದೆ ಎಂದು ತೋರಿಸಲು ಬೇರೆ ದಾರಿಯಿಲ್ಲ. ಫೋರ್ಡ್ ಕಂಪನಿಯ ದಾಖಲೆಗಳಿಂದ ತಯಾರಾಗುವ ಮಾರ್ಟಿ ವರದಿ 1967ರ ಮಾದರಿಯಿಂದ ಶುರುವಾಗುತ್ತದೆ. ಹಾಗಾಗಿ 1964ರ ಗಾಡಿಗೆ ಬಣ್ಣ, ಒಳಾಂಗಣ, ಆಕ್ಸಲ್ ಅನುಪಾತದ ಸಂಕೇತಗಳಿರುವ ಮೂಲ ಡೇಟಾ ತಟ್ಟೆಯೇ ಆಧಾರ. ಅದರ ಸ್ಪಷ್ಟ ಫೋಟೊ ತೆಗೆದು, ಒಂದೊಂದು ಸಂಕೇತದ ಅರ್ಥ ಪಕ್ಕದಲ್ಲಿ ಬರೆಯಿರಿ. ಬಣ್ಣ ಬದಲಾಗಿದ್ದರೆ ಅದನ್ನೂ ಹೇಳಿ.

ಈ ಬಿಲ್ಲುಗಳು ತೆರಿಗೆಗೂ ಬೇಕು. ಕೊಂಡ ಬೆಲೆ, ಅದರ ಮೇಲೆ ಸುಧಾರಣೆಗೆ ಮಾಡಿದ ಖರ್ಚು ಎರಡೂ ಸೇರಿದ್ದಕ್ಕಿಂತ ಹೆಚ್ಚಿಗೆ ಮಾರಿದರೆ ಆ ಲಾಭಕ್ಕೆ ತೆರಿಗೆ ಇದೆ. ಸ್ವಂತ ಬಳಕೆಯ ಗಾಡಿಯಲ್ಲಿ ಆದ ನಷ್ಟವನ್ನು ಮಾತ್ರ ಕಳೆಯಲು ಬರುವುದಿಲ್ಲ.

ಫೋಟೊ, ವಿಡಿಯೊ, ಬರಹ

ಬೆಳಗಿನ ಎಳೆಬಿಸಿಲು ಅಥವಾ ಮೋಡದ ದಿನ ಆರಿಸಿ. ಫೋನನ್ನು ಗಾಡಿಯ ಹತ್ತಿರ ಹಿಡಿದರೆ ಮೂಗು ಉಬ್ಬಿದಂತೆ ಕಾಣುತ್ತದೆ. 216 ಇಂಚು ಉದ್ದದ ಈ ಗಾಡಿಯ ನೇರ ಗೆರೆಯೇ ಅದರ ಚೆಲುವು, ಅದು ಹಾಳಾಗಬಾರದು. ಹತ್ತು ಹನ್ನೆರಡು ಮೀಟರ್ ಹಿಂದೆ ಸರಿದು 2ಎಕ್ಸ್ ಜೂಮ್‌ನಲ್ಲಿ, ಬಾಗಿಲ ಹಿಡಿಯ ಎತ್ತರದಿಂದ ತೆಗೆಯಿರಿ. ನಾಲ್ಕೂ ಬಾಗಿಲು ತೆರೆದ ಒಂದು ಪಕ್ಕದ ಚಿತ್ರ ಇರಲೇಬೇಕು. ಹರಾಜಿಗಾದರೆ ನೂರಕ್ಕೂ ಹೆಚ್ಚು ಫೋಟೊ: ತಳಭಾಗ, ಡಿಕ್ಕಿಯ ಮ್ಯಾಟ್ ಎತ್ತಿದ ನೆಲ, ಸ್ಟೆಪ್ನಿ, ಪ್ರತಿ ಗೀರು ಪಕ್ಕದಲ್ಲೊಂದು ನಾಣ್ಯ ಇಟ್ಟು.

ವಿಡಿಯೊ ಎರಡು ಸಾಕು. ರಾತ್ರಿಯಿಡೀ ನಿಂತ ಗಾಡಿಗೆ ಸೆಲ್ಫ್ ಹೊಡೆದು ಚಾಲೂ ಮಾಡುವುದು ಒಂದು. ಎಂಜಿನ್ ತಣ್ಣಗಿದೆ ಎಂದು ಕಾಣಲು ಮೊದಲು ಬಾನೆಟ್ ಎತ್ತಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮುಟ್ಟಿ ತೋರಿಸಿ, ಸೈಲೆನ್ಸರಿನ ಹೊಗೆಯೂ ಚೌಕಟ್ಟಿನಲ್ಲಿರಲಿ. ಐದು ನಿಮಿಷದ ಡ್ರೈವ್ ಎರಡನೆಯದು, ಗೇರ್ ಬದಲಾಗುವ ಸದ್ದು ಕೇಳುವಂತೆ, ಹಾಡು ಹಾಕದೆ.

ಬರಹದಲ್ಲಿ ಮೊದಲ ಪ್ಯಾರಾದಲ್ಲೇ ವರ್ಷ, ಬಾಡಿ, ಎಂಜಿನ್, ಏನು ರಿಸ್ಟೋರ್ ಆಗಿದೆ, ಯಾವಾಗ, ಏನು ಆಗಿಲ್ಲ ಎಂದು ಹೇಳಿ. "ಫ್ರೇಮ್-ಆಫ್ ರಿಸ್ಟೋರೇಷನ್" (ಚಾಸಿಯಿಂದ ಬಾಡಿ ಬೇರ್ಪಡಿಸಿ ಮಾಡಿದ ರಿಸ್ಟೋರೇಷನ್) ಎಂಬ ಮಾತು ಈ ಗಾಡಿಗೆ ಅನ್ವಯಿಸುವುದೇ ಇಲ್ಲ. ಬರೆದರೆ ನಿಮಗೆ ಗಾಡಿಯೇ ಗೊತ್ತಿಲ್ಲ ಎಂದಾಗುತ್ತದೆ. ಓಡೋಮೀಟರಿನಲ್ಲಿ ಮೈಲಿಗೆ ಐದೇ ಅಂಕಿ, 99,999 ಆದ ಮೇಲೆ ಸೊನ್ನೆಗೆ ಬರುತ್ತದೆ. 41,000 ತೋರಿಸುವ ಗಾಡಿ 1,41,000 ಓಡಿರಬಹುದು. ಕಾಗದದ ಆಧಾರ ಇಲ್ಲದಿದ್ದರೆ "ನಿಜವಾದ ಮೈಲಿ ತಿಳಿದಿಲ್ಲ" ಎಂದೇ ಹಾಕಿ. 2010 ಮತ್ತು ಅದಕ್ಕೂ ಹಳೆಯ ಮಾದರಿಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಓಡೋಮೀಟರ್ ಘೋಷಣೆಯಿಂದ ವಿನಾಯಿತಿ ಇದೆ ನಿಜ, ಆದರೆ ಸುಳ್ಳು ಮೈಲಿ ಹೇಳಿ ಮಾರಿದರೆ ಅದು ವಂಚನೆಯೇ.

ಎಲ್ಲಿ ಮಾರಬೇಕು

ಐದು ದಾರಿಗಳಿವೆ. ಲಿಂಕನ್ ಅಂಡ್ ಕಾಂಟಿನೆಂಟಲ್ ಓನರ್ಸ್ ಕ್ಲಬ್‌ನ ಸದಸ್ಯರ ನಡುವೆ ಮಾರಿದರೆ ಗಾಡಿ ಗೊತ್ತಿರುವ ಕೈಗೆ ಹೋಗುತ್ತದೆ, ಖರ್ಚೂ ಕಡಿಮೆ. ಅವಸರವಿಲ್ಲದಿದ್ದರೆ ಮೊದಲು ಇಲ್ಲಿ ಪ್ರಯತ್ನಿಸಿ. ಹಳೇ ಗಾಡಿಗಳ ಜಾಹೀರಾತಿಗೆ ಹೆಸರಾದ ಹೆಮಿಂಗ್ಸ್‌ನಂಥ ಕಡೆ ಜಾಹೀರಾತು ಕೊಟ್ಟರೆ ಬೆಲೆ ನಿಮ್ಮ ಹಿಡಿತದಲ್ಲಿರುತ್ತದೆ, ಫೋನು ಕರೆಗಳನ್ನು ಸಂಭಾಳಿಸುವ ತಾಳ್ಮೆ ಬೇಕು. ಆನ್‌ಲೈನ್ ಹರಾಜು ಒಂದೆರಡು ವಾರದಲ್ಲಿ ಮುಗಿಯುತ್ತದೆ, ಆದರೆ ಅಷ್ಟು ದಿನವೂ ಪ್ರಶ್ನೆಗಳಿಗೆ ಅವತ್ತವತ್ತೇ ಉತ್ತರಿಸಬೇಕು. ಉತ್ತರವಿಲ್ಲದ ಒಂದು ತುಕ್ಕಿನ ಪ್ರಶ್ನೆ ಬಿಡ್ಡನ್ನು ನಿಲ್ಲಿಸಿಬಿಡುತ್ತದೆ. ಮೀಕಮ್, ಬ್ಯಾರೆಟ್-ಜಾಕ್ಸನ್‌ನಂಥ ವೇದಿಕೆಯ ಹರಾಜಿನಲ್ಲಿ ಪ್ರವೇಶ ಶುಲ್ಕ, ಮಾರುವವರ ಕಮಿಷನ್, ಸಾಗಣೆ ಎಲ್ಲ ಸೇರುತ್ತವೆ. ಸಾಧಾರಣ ಬೆಲೆಯ ಸೆಡಾನ್‌ಗೆ ಆ ಖರ್ಚು ಭಾರ.

ಡೀಲರ್ ಹತ್ತಿರ ಕಮಿಷನ್ ಮೇಲೆ ಬಿಡುವುದಾದರೆ ನಿಮ್ಮ ಕೈಗೆ ಬರುವ ಮೊತ್ತ, ಅವಧಿ, ವಿಮೆ ಯಾರದು, ಹಣ ಎಷ್ಟು ದಿನದಲ್ಲಿ ಎಂಬುದೆಲ್ಲ ಬರಹದಲ್ಲಿರಲಿ. ಸಹಿ ಮಾಡಿದ ಟೈಟಲ್ ಮಾತ್ರ ಯಾವ ಕಾರಣಕ್ಕೂ ಅಲ್ಲಿ ಬಿಡಬೇಡಿ.

ನೋಡಲು ಬಂದಾಗ

ಎಂಜಿನ್ ಬಿಸಿ ಮಾಡಿಟ್ಟು ಕಾಯಬೇಡಿ, ಅನುಭವಿಗಳಿಗೆ ಅದೇ ಅನುಮಾನಕ್ಕೆ ಮೂಲ. ಡ್ರೈವಿಂಗ್ ಲೈಸೆನ್ಸಿನ ಫೋಟೊ ತೆಗೆದುಕೊಳ್ಳಿ, ನಿಮ್ಮ ವಿಮೆ ಬೇರೆಯವರು ಓಡಿಸಿದಾಗಲೂ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಂಡಿರಿ. ಮೊದಲ ಹತ್ತು ನಿಮಿಷ ನೀವೇ ಓಡಿಸಿ, ಆಮೇಲೆ ಅವರಿಗೆ ಕೊಡಿ. ದೂರದ ಖರೀದಿದಾರರು ತಮ್ಮ ಖರ್ಚಿನಲ್ಲಿ ಮೆಕ್ಯಾನಿಕ್ ಕಳಿಸುತ್ತೇವೆ ಎಂದರೆ ಸಂತೋಷದಿಂದ ಒಪ್ಪಿ. ಬೇಡ ಎಂದರೆ ಏನೋ ಮುಚ್ಚಿಡುತ್ತಿದ್ದೀರಿ ಎಂದೇ ತಿಳಿಯುತ್ತಾರೆ.

ಹಣ

ಬ್ಯಾಂಕೇ ಹೊರಡಿಸುವ ಕ್ಯಾಷಿಯರ್ಸ್ ಚೆಕ್ ಎಂದರೆ ನಗದು ಇದ್ದಂತೆ ಎಂಬ ನಂಬಿಕೆಯೇ ಹೆಚ್ಚಿನ ಮೋಸಗಳಿಗೆ ಬಾಗಿಲು. ನಕಲಿ ಚೆಕ್ ಹಾಕಿದರೂ ನಿಮ್ಮ ಖಾತೆಯಲ್ಲಿ ಒಂದೆರಡು ದಿನದಲ್ಲಿ ಹಣ ಕಾಣಿಸುತ್ತದೆ. ವಾರ ಎರಡು ವಾರ ಕಳೆದು ಅದು ನಕಲಿ ಎಂದು ಗೊತ್ತಾದಾಗ ಬ್ಯಾಂಕು ಆ ಹಣವನ್ನು ನಿಮ್ಮಿಂದಲೇ ವಾಪಸ್ ತೆಗೆಯುತ್ತದೆ. ಅಷ್ಟರಲ್ಲಿ ಗಾಡಿ ಯಾವ ರಾಜ್ಯ ಸೇರಿತೋ. ಚೆಕ್ಕೇ ಆಗಬೇಕೆಂದರೆ ಖರೀದಿದಾರರ ಬ್ಯಾಂಕಿಗೆ ಜತೆಯಲ್ಲೇ ಹೋಗಿ, ಕೌಂಟರಿನಲ್ಲಿ ಅದು ತಯಾರಾಗುವುದನ್ನು ನೋಡಿ ತೆಗೆದುಕೊಳ್ಳಿ. ವೈರ್ ಟ್ರಾನ್ಸ್‌ಫರ್ ಅದಕ್ಕಿಂತ ಒಳ್ಳೆಯದು. ಬಂದಿದೆಯೇ ಎಂದು ನಿಮ್ಮ ಬ್ಯಾಂಕಿಗೆ ನೀವೇ ಕರೆ ಮಾಡಿ ಕೇಳಿ, ಅವರು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಒಪ್ಪಬೇಡಿ.

ಒಪ್ಪಿದ ಬೆಲೆಗಿಂತ ಹೆಚ್ಚಿನ ಮೊತ್ತದ ಚೆಕ್ ಕಳಿಸಿ "ಉಳಿದದ್ದನ್ನು ಸಾಗಣೆಯವರಿಗೆ ಕೊಡಿ" ಎನ್ನುವವರ ಜತೆ ಮಾತು ಅಲ್ಲಿಗೇ ನಿಲ್ಲಿಸಿ. ನಗದು 10,000 ಡಾಲರ್ ಮೀರಿದರೆ ಬ್ಯಾಂಕು ಸರ್ಕಾರಕ್ಕೆ ವರದಿ ಮಾಡುತ್ತದೆ, ಅದರಿಂದ ತೊಂದರೆಯಿಲ್ಲ. ವರದಿ ತಪ್ಪಿಸಲೆಂದು ಹಣವನ್ನು ತುಂಡು ತುಂಡಾಗಿ ಜಮಾ ಮಾಡುವುದು ಅಪರಾಧ.

ಕಾಗದ ಮತ್ತು ಸಾಗಣೆ

ಬಿಲ್ ಆಫ್ ಸೇಲ್ (ಮಾರಾಟ ಪತ್ರ) ಎರಡು ಪ್ರತಿ ಮಾಡಿ: ವಿಐಎನ್, ಬೆಲೆ, ತಾರೀಖು, ಸಮಯ, ಇಬ್ಬರ ವಿಳಾಸ, ಓಡೋಮೀಟರ್ ಅಂಕಿ, "ಇದ್ದ ಸ್ಥಿತಿಯಲ್ಲಿ, ಯಾವ ವಾರಂಟಿಯೂ ಇಲ್ಲದೆ" ಎಂಬ ಸಾಲು. ಈ ಸಾಲು ಹೊಸದಾಗಿ ಹುಟ್ಟುವ ರಿಪೇರಿಯಿಂದ ನಿಮ್ಮನ್ನು ಕಾಪಾಡುತ್ತದೆ, ಹೇಳಿದ ಸುಳ್ಳಿನಿಂದ ಕಾಪಾಡುವುದಿಲ್ಲ. ಪೆನ್ಸಿಲ್ವೇನಿಯಾ, ಓಹಾಯೊದಂಥ ರಾಜ್ಯಗಳಲ್ಲಿ ಟೈಟಲ್ ಸಹಿ ನೋಟರಿ ಎದುರೇ ಆಗಬೇಕು, ಮನೆಯಲ್ಲೇ ಸಹಿ ಹಾಕಿಟ್ಟುಕೊಳ್ಳಬೇಡಿ. ತಪ್ಪಾದರೆ ವೈಟ್ನರ್ ಹಚ್ಚಬೇಡಿ, ಆ ಟೈಟಲ್ ತಿರಸ್ಕೃತವಾಗುತ್ತದೆ.

ನಂಬರ್ ಪ್ಲೇಟ್ ನಿಯಮ ರಾಜ್ಯಕ್ಕೊಂದು. ನ್ಯೂಯಾರ್ಕ್, ಫ್ಲಾರಿಡಾಗಳಲ್ಲಿ ಪ್ಲೇಟ್ ಮಾರಿದವರ ಬಳಿಯೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಪ್ಲೇಟ್ ಗಾಡಿಯ ಜತೆ ಹೋಗುತ್ತದೆ. ಅಲ್ಲಿನ 1960ರ ದಶಕದ ಕಪ್ಪು-ಹಳದಿ ಮೂಲ ಪ್ಲೇಟ್ ಇನ್ನೂ ಗಾಡಿಯ ಮೇಲಿದ್ದರೆ ಜಾಹೀರಾತಿನಲ್ಲಿ ದೊಡ್ಡದಾಗಿ ತೋರಿಸಿ, ಅದಕ್ಕೆ ಆಸೆಪಡುವವರಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಮಾರಿದ ಐದು ದಿನದೊಳಗೆ ಹೊಣೆ ಬಿಡುಗಡೆಯ ನೋಟಿಸ್ ಸಲ್ಲಿಸಬೇಕು. 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಗಾಡಿಗೆ ಅಲ್ಲಿ ಸ್ಮಾಗ್ (ಹೊಗೆ ಮಾಲಿನ್ಯ) ತಪಾಸಣೆ ಬೇಕಿಲ್ಲ.

ಗಾಡಿಯನ್ನು ಭಾರತಕ್ಕೆ ಒಯ್ಯುತ್ತೇವೆ ಎನ್ನುವವರು ಸಿಕ್ಕರೆ, ಬಂದರಿನಲ್ಲಿ ಅಮೆರಿಕದ ಕಸ್ಟಮ್ಸ್‌ಗೆ ರಫ್ತಿಗೆ ಕನಿಷ್ಠ 72 ಗಂಟೆ ಮೊದಲು ಗಾಡಿ ಮತ್ತು ಮೂಲ ಟೈಟಲ್ ಒಪ್ಪಿಸಬೇಕು ಎಂಬುದು ನೆನಪಿರಲಿ. ಭಾರತದಲ್ಲಿ 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿ ವಿಂಟೇಜ್ ಎಂದು ನೋಂದಣಿಯಾಗುತ್ತದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ, ಪ್ಲೇಟ್‌ನಲ್ಲಿ ವಿಎ ಅಕ್ಷರ, ದಿನನಿತ್ಯ ಓಡಿಸುವಂತಿಲ್ಲ. ಆಮದು ಅನುಮತಿ, ಸುಂಕ, ಎಡಗೈ ಸ್ಟಿಯರಿಂಗ್ ವಿಷಯವೆಲ್ಲ ಕೊಳ್ಳುವವರ ಜವಾಬ್ದಾರಿ ಎಂದು ಬರಹದಲ್ಲೇ ಹಾಕಿ.

ಸಾಗಣೆಯವರಿಗೆ ಒಪ್ಪಿಸುವಾಗ ಟ್ಯಾಂಕಿನಲ್ಲಿ ಕಾಲುಭಾಗ ಪೆಟ್ರೋಲ್ ಸಾಕು. ಚಾಲಕರಿಗೆ ಚಾಲೂ ಮಾಡುವ ಕ್ರಮ ಬರೆದುಕೊಡಿ: ಆಕ್ಸಿಲರೇಟರ್ ಒಮ್ಮೆ ಪೂರ್ತಿ ಒತ್ತಿ ಬಿಟ್ಟರೆ ಚೋಕ್ ಕೂರುತ್ತದೆ, ಆಮೇಲೆ ಸೆಲ್ಫ್. ಗೊತ್ತಿಲ್ಲದವರು ಪೆಡಲ್ ಪಂಪ್ ಮಾಡುತ್ತಾ ಹೋಗಿ ಎಂಜಿನ್‌ಗೆ ಪೆಟ್ರೋಲ್ ತುಂಬಿಸಿಬಿಡುತ್ತಾರೆ. ಲಾರಿ ಹತ್ತುವ ಮೊದಲು ಸುತ್ತಲೂ ಫೋಟೊ ತೆಗೆದು, ಬಿಲ್ ಆಫ್ ಲೇಡಿಂಗ್‌ನಲ್ಲಿ (ಸಾಗಣೆಯವರು ಕೊಡುವ ಸರಕು ಪತ್ರ) ಗಾಡಿಯ ಸ್ಥಿತಿ ಸರಿಯಾಗಿ ಬರೆದಿದೆಯೇ ನೋಡಿ ಸಹಿ ಹಾಕಿ. ನಿಮ್ಮ ವಿಮೆಯನ್ನು ನಿಲ್ಲಿಸುವುದು ಮಾಲೀಕತ್ವ ವರ್ಗಾವಣೆಯ ದೃಢೀಕರಣ ಕೈಗೆ ಬಂದ ಮೇಲೆ.